ಮೂರನೆಯ ಕೂಗು

ನನ್ನ ಮೈಯಲ್ಲಿ ಗಂಟಲೊಂದನ್ನು ಬಿಟ್ಟರೆ ಬೇರೆ ಅಂಗವಿಲ್ಲ. ಎರಕದ ಚಿಪ್ಪು, ಚಿಪ್ಪಿನೊಳಗೆ ರೆಕ್ಕೆಗಳಿರುವ ಚಕ್ರ, ಚಕ್ರ ತಿರುಗಿಸುವ ಮೋಟಾರು, ಗಾಳಿ ಹೊರನುಗ್ಗಲು ಸುತ್ತಲೂ ಕಿಂಡಿಗಳು, ಮಳೆ ಬೀಳದಂತೆ ಮೇಲೊಂದು ತಗಡಿನ ಟೋಪಿ. ಇಷ್ಟೇ ನಾನು. ಜನ ನನ್ನನ್ನು ಸೈರನ್ ಎನ್ನುತ್ತಾರೆ. ಗಂಟಲು ಮಾತ್ರ ಇರುವವನಿಗೆ ಕಂಡದ್ದು ಹೇಗೆ, ಕೇಳಿದ್ದು ಹೇಗೆ ಎಂದು ನೀವು ಕೇಳಬಹುದು. ಬಾಳೆಲ್ಲ ಕಂಬದ ತುದಿಯಲ್ಲಿ ಕೂತವನಿಗೆ ಎಲ್ಲ ಕಾಣುತ್ತದೆ, ಸಾಲದ್ದಕ್ಕೆ ದಿನವೆಲ್ಲ ಬಾಯಿ ಮುಚ್ಚಿಕೊಂಡಿದ್ದು ಸಂಜೆ ಮಾತ್ರ ತೆರೆಯುವವನಿಗೆ ಕೇಳಿಸಿಕೊಳ್ಳಲು ಬೇಕಾದಷ್ಟು ಪುರುಸೊತ್ತಿರುತ್ತದೆ.

ನಾನು ಹುಟ್ಟಿದ್ದು ಒಂದು ಎರಕದ ಕಾರ್ಖಾನೆಯ ಹಿಂದಿನ ಶೆಡ್ಡಿನಲ್ಲಿ. ನನ್ನನ್ನು ಜೋಡಿಸಿದವರು ಮುನಿಸ್ವಾಮಾಚಾರ್ ಎಂಬ ಮುಂಗೋಪಿ. ಚಕ್ರ ಸ್ವಲ್ಪ ಓಲಾಡಿದರೂ ನನ್ನನ್ನು ಬಿಚ್ಚಿ ಎಸೆದು, ಬೈದು, ಮತ್ತೆ ತಾವೇ ಎತ್ತಿಕೊಂಡು ಜೋಡಿಸುತ್ತಿದ್ದರು. ಮೊದಲ ಸಲ ನನಗೆ ಕರೆಂಟು ಕೊಟ್ಟದ್ದು ಮಟಮಟ ಮಧ್ಯಾಹ್ನ. ನಾನು ಕೆಳಗಿನಿಂದ ಏರುತ್ತ ಏರುತ್ತ ಹೋಗಿ, ಮೇಲೆ ನಿಂತು, ಮತ್ತೆ ಇಳಿದೆ. ಬೀದಿಯ ನಾಯಿಗಳು ಬೊಗಳಲಿಲ್ಲ, ಇದ್ದಲ್ಲೇ ಕುಕ್ಕರಿಸಿದವು. ಎದುರು ಸಾಲಿನ ಮನೆಗಳ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು. ಆಚಾರರು ಕಿವಿಯಿಂದ ಬೆರಳು ತೆಗೆದು, "ಇದೇನ್ರೋ, ಕೂಗೋ ಹಾಗಿಲ್ಲ, ಯಾರನ್ನೋ ಕರೆಯೋ ಹಾಗಿದೆ" ಎಂದರು. ನಾನು ಅದನ್ನು ಹೊಗಳಿಕೆ ಎಂದೇ ತಿಳಿದು ಉಬ್ಬಿಹೋದೆ.

ಮೊದಲು ನನ್ನನ್ನು ಕೊಂಡದ್ದು ಒಂದು ನೂಲಿನ ಗಿರಣಿ. ಅಲ್ಲಿ ನನ್ನ ಕೂಗಿಗೆ ಅರ್ಥ ಒಂದೇ: ಬಾ. ನಾನು ಬಾಯಿ ಬಿಟ್ಟರೆ ಸಾಕು, ಓಣಿ ಓಣಿಯಿಂದ ಜನ ತಲೆ ಬಾಚಿಕೊಳ್ಳುತ್ತ, ಊಟದ ಡಬ್ಬಿ ಹಿಡಿದು ಓಡಿ ಬರುತ್ತಿದ್ದರು. ನನ್ನನ್ನು ಶಪಿಸದವರಿರಲಿಲ್ಲ, ಬಾರದವರೂ ಇರಲಿಲ್ಲ. ಆಮೇಲೆ ಗಿರಣಿಗೆ ಬೀಗ ಬಿತ್ತು. ಕೂಗು ನಿಲ್ಲಿಸು ಎಂದು ಕಾವಲುಗಾರನಿಗೆ ಯಾರೂ ಹೇಳದ ಕಾರಣ ಅವನು ನನ್ನನ್ನು ಮೊದಲಿನಂತೆಯೇ ಕೂಗಿಸುತ್ತಿದ್ದ. ಜನವೂ ಬರುತ್ತಿದ್ದರು. ಬೀಗ ಹಾಕಿದ ಗೇಟಿನ ಮುಂದೆ ಡಬ್ಬಿ ಹಿಡಿದು ಸಾಲಾಗಿ ನಿಂತು, ಸ್ವಲ್ಪ ಹೊತ್ತಿಗೆ ತಿರುಗಿ ಹೋಗುತ್ತಿದ್ದರು. ನನ್ನ ಕೂಗಿನ ಬಗ್ಗೆ ನನಗೇ ಮೊದಲು ಭಯ ಹುಟ್ಟಿದ್ದು ಆಗ.

ಹರಾಜಿನಲ್ಲಿ ನನ್ನನ್ನು ಕೊಂಡವರು ಲಾರಿಯ ಮೇಲೆ ಹಾಕಿಕೊಂಡು ಹೊಳೆಯ ದಂಡೆಗೆ ತಂದರು. ಅಲ್ಲೊಂದು ಅಣೆಕಟ್ಟೆ, ಅದರ ಬುಡದಲ್ಲಿ ಕರೆಂಟು ತಯಾರಿಸುವ ಮನೆ. ಕೆಳಗೆ ಕಣ್ಣು ಹಾಯುವವರೆಗೂ ಬಂಡೆಗಳು, ಬಂಡೆಗಳ ನಡುವೆ ಮರಳು, ನುರುಜುಗಲ್ಲು, ನಿಂತ ನೀರಿನ ಗುಂಡಿಗಳು. ಹೊಳೆ ತಿರುಗುವಲ್ಲಿ ಕರಿಮಡು ಎಂಬ ಆಳವಾದ ಮಡು. ಮಡುವಿನ ಪಕ್ಕದ ದಿಬ್ಬದ ಮೇಲೆ ಕಂಬ ನೆಟ್ಟು ನನ್ನನ್ನು ಕೂರಿಸಿದರು.

ಹಗಲೆಲ್ಲ ಅಣೆ ನೀರನ್ನು ಹಿಡಿದಿಟ್ಟುಕೊಳ್ಳುತ್ತಿತ್ತು. ದೀಪ ಹಚ್ಚುವ ಹೊತ್ತಿಗೆ ಪೇಟೆಗಳಿಗೆಲ್ಲ ಒಟ್ಟಿಗೇ ಕರೆಂಟು ಬೇಕು. ಆಗ ಯಂತ್ರಗಳು ತಿರುಗುತ್ತಿದ್ದವು, ಅವುಗಳಿಂದ ಹೊರಬಿದ್ದ ನೀರು ಒಮ್ಮೆಲೇ ಹೊಳೆಗೆ ನುಗ್ಗುತ್ತಿತ್ತು. ಪೇಟೆ ಮಲಗಿದ ಮೇಲೆ ನೀರು ಮತ್ತೆ ಬಂದ್. ಒಣ ಹೊಳೆಯಲ್ಲಿ ಮೀನು ಹಿಡಿಯುವವರು, ಬಟ್ಟೆ ಒಗೆಯುವವರು, ದಾಟಿ ಹೋಗುವವರು ಇರುತ್ತಾರಲ್ಲ, ನೀರು ಬಿಡುವ ಮುಂಚೆ ಅವರಿಗೆ ಹೇಳುವುದು ನನ್ನ ಕೆಲಸ. ಗಿರಣಿಯಲ್ಲಿ ಬಾ ಎನ್ನುತ್ತಿದ್ದ ಅದೇ ಗಂಟಲಿನಿಂದ ಇಲ್ಲಿ ಹೋಗು ಎನ್ನಬೇಕಾಗಿತ್ತು. ದನಿ ಬದಲಾಗಲಿಲ್ಲ, ಅರ್ಥ ತಿರುಗಿ ನಿಂತಿತು.

ನನ್ನನ್ನು ಕೂಗಿಸುತ್ತಿದ್ದವರು ಆಪರೇಟರ್ ಬೋರಲಿಂಗಯ್ಯ. ಮೊದಲ ದಿನವೇ ಅವರ ಹತ್ತಿರ ದೊಣೆಹಟ್ಟಿಯ ಬೆಸ್ತರ ಹುಡುಗ ಮುದ್ದುಮಾದಯ್ಯ ಬಂದ. ದೊಣೆಹಟ್ಟಿ ಎಂದರೆ ಕೆಳದಂಡೆಯ ಹಟ್ಟಿ. ಅಲ್ಲಿನವರಿಗೆಲ್ಲ ಹೊಳೆಯ ಮೀನೇ ಅನ್ನ.

"ಒಂದ್ಸಲ ಕೂಗ್ಬುಟ್ಟು ಸುಮ್ಕಾದ್ರೆ ನಾವು ಓಗೊಡಾಕಿಲ್ಲ ಬುದ್ಧಿ" ಎಂದ ಅವನು. "ಕೂಗುಮಾರಿ ಹಂಗೇ ಕೂಗೋದು. ಅವ್ವನ್ ದನೀಲೋ ಹೆಂಡ್ತಿ ದನೀಲೋ ಬತ್ತಾಳೆ. ಓ ಅಂದೋರು ಉಳಿಯಾಕಿಲ್ಲ."

"ಮತ್ತೆ ಎಷ್ಟು ಸಲ ಕೂಗಿಸ್ಲಪ್ಪ?"

"ಮೂರ್ಸಲ. ಮಾರಿ ಮೂರ್ಸಲ ಕೂಗಾಕಿಲ್ಲ."

ಬೋರಲಿಂಗಯ್ಯ ನಗಲಿಲ್ಲ. ಅವರ ತಾಯಿಯೂ ಮನೆಯ ಬಾಗಿಲ ಮೇಲೆ ಸುಣ್ಣದಲ್ಲಿ 'ನಾಳೆ ಬಾ' ಎಂದು ಬರೆಸಿದ್ದರಂತೆ. ಮಾರಿ ಬಾಗಿಲಿಗೆ ಬಂದು, ಓದಿ, ಹಿಂದಿರುಗುತ್ತಾಳೆ. ಮರುದಿನ ಬಂದರೂ ಬಾಗಿಲು ಅದನ್ನೇ ಹೇಳುತ್ತದೆ. ಹಾಗಾಗಿ ನಾನು ಮೂರು ಸಲ ಕೂಗತೊಡಗಿದೆ, ಒಂದೊಂದು ಕೂಗಿನ ನಡುವೆ ಎಲೆಯಡಿಕೆ ಹಾಕಿಕೊಳ್ಳುವಷ್ಟು ಬಿಡುವು ಬಿಟ್ಟು.

ಆ ಸಂಜೆಗಳನ್ನು ನೀವು ನೋಡಬೇಕಿತ್ತು. ಮೊದಲ ಕೂಗಿಗೆ ಹೊಳೆಯಲ್ಲಿದ್ದ ಜನರೆಲ್ಲ ಇದ್ದಲ್ಲೇ ನಿಲ್ಲುತ್ತಿದ್ದರು. ಎತ್ತಿದ ಬಟ್ಟೆ ಕೈಯಲ್ಲೇ, ಬೀಸಿದ ಬಲೆ ನೀರಿನಲ್ಲೇ. ಯಾರೂ ತಿರುಗುತ್ತಿರಲಿಲ್ಲ, ಉಸಿರೆತ್ತುತ್ತಿರಲಿಲ್ಲ. ಎರಡನೆಯದಕ್ಕೂ ಅಷ್ಟೆ. ಮೂರನೆಯದು ಮುಗಿಯುತ್ತಲೇ ಇಡೀ ಹೊಳೆ ಒಂದೇ ದನಿಯಲ್ಲಿ "ಓ..." ಎನ್ನುತ್ತಿತ್ತು. ಹೆಂಗಸರು, ಮುದುಕರು, ಸೊಂಟದ ಮೇಲಿನ ಕೂಸುಗಳು ಕೂಡ. ಆಮೇಲೆ ಎಲ್ಲರೂ ದಂಡೆ ಹತ್ತುತ್ತಿದ್ದರು. ಅದನ್ನು ಕೇಳಿದಾಗಲೆಲ್ಲ ನನ್ನ ತಗಡಿನ ಟೋಪಿ ಜುಮ್ಮೆನ್ನುತ್ತಿತ್ತು. ಸಂತೋಷವೋ ಅಂಜಿಕೆಯೋ ಇವತ್ತಿಗೂ ನನಗೆ ಗೊತ್ತಿಲ್ಲ.

ನನ್ನ ಮಾತು ಕೇಳುತ್ತಿದ್ದವರು ಮನುಷ್ಯರಷ್ಟೇ ಅಲ್ಲ. ಕರಿಮಡುವಿನಲ್ಲಿ ಬಿಳಿಮೀನುಗಳಿದ್ದವು. ಆಳೆತ್ತರ ಬೆಳೆಯುವ ಜಾತಿ. ತಲೆಯ ಹಿಂದೆ ಗೂನು, ಅಂಗೈಯಗಲದ ಹುರುಪೆ. ಬೇರಾವ ಹೊಳೆಯಲ್ಲೂ ಇಲ್ಲವಂತೆ. ಹಗಲು ಅವು ಬಂಡೆಯ ಸಂದಿಗಳಲ್ಲಿ, ತೆಳುನೀರಿನ ನುರುಜಿನ ಮೇಲೆ ಆಡಿಕೊಂಡಿರುತ್ತಿದ್ದವು. ನನ್ನ ಮೊದಲ ಕೂಗಿಗೆ ಅವೂ ನಿಲ್ಲುತ್ತಿದ್ದವು. ಎರಡನೆಯದಕ್ಕೆ ನನ್ನ ಕಡೆಗೆ ಮುಖ ತಿರುಗಿಸುತ್ತಿದ್ದವು. ಮೂರನೆಯದಕ್ಕೆ ಸಾಲಾಗಿ ಬಂಡೆಯ ಮರೆಗೆ, ಮಡುವಿನ ಅಂಚಿಗೆ ಸರಿಯುತ್ತಿದ್ದವು. ನೀರಿನ ಕೆಳಗಿನಿಂದ ಅಷ್ಟು ಮುಖಗಳು ನನ್ನನ್ನೇ ನೋಡುತ್ತಿದ್ದರೆ ನನಗೆ ಬೇರೆ ಕಡೆ ನೋಡೋಣ ಅನಿಸುತ್ತಿತ್ತು. ನನಗೆಲ್ಲಿದೆ ಕತ್ತು?

ಮುದ್ದುಮಾದಯ್ಯ ದೊಡ್ಡವನಾದ, ಮದುವೆಯಾದ. ಹೆಂಡತಿ ಹೊಂಬಾಳಮ್ಮ ದಂಡೆಯ ಮೇಲೆ ಕೂತು ಬಲೆ ಹೊಲಿಯುತ್ತಿದ್ದಳು. ಅವಳದು ದೊಡ್ಡ ಗಂಟಲು. ಈ ದಂಡೆಯಿಂದ ಮಾತಾಡಿದರೆ ಆ ದಂಡೆಯ ದನ ತಿರುಗಿ ನೋಡುತ್ತಿದ್ದವು. ನನಗೂ ಅವಳಿಗೂ ಪೋಟಿ ಎಂದು ಹಟ್ಟಿಯವರು ನಗುತ್ತಿದ್ದರು. ಮುದ್ದುಮಾದಯ್ಯ ಮಾತ್ರ ನಾನು ಕೂಗುವ ಹೊತ್ತಿನಲ್ಲಿ ಬಿಳಿಮೀನಿಗೆ ಬಲೆ ಹಾಕುತ್ತಿರಲಿಲ್ಲ. "ಕರೆದಾಗ ಬರೋವ್ನ ಹಿಡೀಬಾರ್ದು ಕಣಮ್ಮಿ" ಎನ್ನುತ್ತಿದ್ದ.

ಬೋರಲಿಂಗಯ್ಯ ನಿವೃತ್ತರಾದರು. ಯಂತ್ರಗಳನ್ನು ತಿರುಗಿಸುವ ಅಪ್ಪಣೆ ದೂರದ ಪೇಟೆಯಿಂದ ಬರತೊಡಗಿತು. ಹೊಸ ಎಂಜಿನಿಯರ್ ಸುಧೀಂದ್ರ ಕೆಟ್ಟವರಲ್ಲ, ಶಿಸ್ತಿನ ಮನುಷ್ಯ. ಮೂರು ತುಂಡು ಕೂಗಿಗಿಂತ ಒಂದೇ ಉದ್ದ ಕೂಗು ಚೆನ್ನಾಗಿ ಕೇಳಿಸುತ್ತದೆ, ದೂರ ಹೋಗುತ್ತದೆ ಎಂದು ಅವರು ಮನಸಾರೆ ನಂಬಿದ್ದರು. ನಡುವೆ ಬಿಡುವು ಕೊಡುವ ಹೊತ್ತೂ ಉಳಿತಾಯವಾಗುತ್ತದೆ, ದೀಪದ ಹೊತ್ತಿಗೆ ಯಂತ್ರ ತಡವಾಗುವುದಿಲ್ಲ. ಒಂದು ಮಧ್ಯಾಹ್ನ ಯಾರೋ ಬಂದು ನನ್ನ ಪೆಟ್ಟಿಗೆಯ ತಂತಿ ಬದಲಿಸಿ ಹೋದರು. ಹಟ್ಟಿಗೆ ಹೇಳಬೇಕೆಂದು ಯಾರಿಗೂ ತೋಚಲಿಲ್ಲ. ಉದ್ದ ಕೂಗಿಗೆ ಹೇಳುವುದೇನಿದೆ, ಕೇಳಿಸಿದರೆ ಏಳುತ್ತಾರೆ ತಾನೇ?

ಅವತ್ತು ಸಂಜೆ ನನಗೆ ಕರೆಂಟು ಬಂತು. ನಾನು ಏರಿದೆ. ಇಳಿಯಲು ಹೋದರೆ ಇಳಿಯಗೊಡಲಿಲ್ಲ. ಉಸಿರು ಕಟ್ಟುವವರೆಗೂ ಮೇಲೆಯೇ ನಿಲ್ಲಿಸಿದರು. ಆಮೇಲೆ ಸುಮ್ಮನಾಗಿಸಿದರು.

ಹೊಳೆಯಲ್ಲಿ ಎಲ್ಲರೂ ನಿಂತರು. ಯಾರೂ ತಿರುಗಲಿಲ್ಲ, ಯಾರೂ ಮಾತಾಡಲಿಲ್ಲ. ಎರಡನೆಯ ಕೂಗಿಗೆ ಕಾದರು. ಮೀನುಗಳೂ ಕಾದವು. ನಾನು ಎರಡನೆಯದನ್ನು ಕೂಗಲು ತವಕಿಸಿದೆ, ಕರೆಂಟಿಲ್ಲದೆ ನನ್ನ ಚಕ್ರ ಅಲುಗುವುದಿಲ್ಲ. ಮೇಲಿನಿಂದ ನೀರು ಹೊರಟಿದ್ದು ನನಗೆ ಕಾಣುತ್ತಿತ್ತು. ಆ ಸಂಕಟವನ್ನು ಯಾವ ಲೋಹಕ್ಕೂ ಕೊಡಬಾರದು.

ದಂಡೆಯ ಪಕ್ಕದಲ್ಲಿದ್ದವರು ನೀರು ಕಂಡು ಬಿದ್ದೂ ಎದ್ದೂ ಹತ್ತಿದರು. ಮುದ್ದುಮಾದಯ್ಯ ಹೊಳೆಯ ನಡುವೆ, ನೀರಿಗೆ ಬೆನ್ನು ಮಾಡಿ ನಿಂತಿದ್ದ. ಹೊಂಬಾಳಮ್ಮ ದಂಡೆಯಿಂದ ಗಂಟಲು ಹರಿಯುವಂತೆ ಕೂಗಿದಳು: "ಬನ್ನೀ..."

ಅವನ ಹೆಗಲು ಅದುರಿದ್ದು ನಾನು ನೋಡಿದೆ. ಅವನಿಗೆ ಕೇಳಿಸಿತ್ತು. ಮುಚ್ಚಂಜೆಯಲ್ಲಿ, ಒಂದು ಕೂಗಿನ ಹಿಂದೆಯೇ, ಹೆಂಡತಿಯ ದನಿ. ಮಾರಿ ಬರುವುದು ಹಾಗೆಯೇ ಎಂದು ಅವನು ಕೂಸಾಗಿದ್ದಾಗಿನಿಂದ ಕೇಳಿಕೊಂಡು ಬಂದಿದ್ದ. ಅವನು ತಿರುಗಲಿಲ್ಲ, ಓಗೊಡಲಿಲ್ಲ. ಇನ್ನೊಮ್ಮೆ ಕರೆಯಲು ಅವಳು ಬಾಯಿ ತೆರೆಯುವಷ್ಟರಲ್ಲಿ ಅಲ್ಲಿ ನೀರಿತ್ತು.

ದೇಹ ಸಿಗಲಿಲ್ಲ. ಮರುದಿನ ಸುಧೀಂದ್ರ ಚಪ್ಪಲಿ ಕೈಯಲ್ಲಿ ಹಿಡಿದು ಮರಳಿನಲ್ಲಿ ನಡೆದು ಬಂದರು. ಮುಖ ಬಿಳಿಚಿಕೊಂಡಿತ್ತು.

"ಸೈರನ್ ಕೇಳಿಸಲಿಲ್ವಾ ನಿಮಗೆ?"

"ಕೇಳುಸ್ತು ಸಾ" ಎಂದ ಹಟ್ಟಿಯ ಒಬ್ಬ ಮುದುಕ. "ಅದ್ಕೇ ನಿಂತ್ಕಂಡೊ."

ಸುಧೀಂದ್ರರಿಗೆ ಅರ್ಥವಾಗಲಿಲ್ಲ. ಅರ್ಥ ಮಾಡಿಸಿದ ಮೇಲೆ ಅವರು ಇನ್ನೂ ಬಿಳಿಚಿಕೊಂಡರು. ಮೇಲಿನವರಿಗೆ ಬರೆದರು. ಮೂಢನಂಬಿಕೆಗೆ ಹೊಂದಿಕೊಂಡು ಸೈರನ್ ಬದಲಿಸಲಾಗದು, ಮೂರು ಕೂಗಿಗೆ ಕಾದರೆ ಸಂಜೆಯ ಕರೆಂಟು ತಡವಾಗುತ್ತದೆ ಎಂದು ಉತ್ತರ ಬಂತು. ಒಂದು ಉದ್ದ ಕೂಗಿಗೇ ಓಡಬೇಕೆಂದು ಹಟ್ಟಿಯಲ್ಲಿ ಡಂಗುರ ಸಾರಿಸಿದರು. ಜನ ತಲೆಯಾಡಿಸಿದರು. ಆದರೆ ತಲೆ ಒಪ್ಪಿದ್ದನ್ನು ಕಾಲು ಒಪ್ಪುವುದಿಲ್ಲ. ಸಂಜೆ ನಾನು ಕೂಗಿದರೆ ಈಗಲೂ ಅವರು ಒಂದು ಗಳಿಗೆ ನಿಂತುಬಿಡುತ್ತಿದ್ದರು. ಆ ಒಂದು ಗಳಿಗೆಯಲ್ಲಿ ಯಾವಾಗ ಯಾರು ಹೋಗುತ್ತಾರೋ ಎಂದು ನಾನು ಪ್ರತಿ ಸಂಜೆ ಹೆದರುತ್ತಿದ್ದೆ.

ಅವತ್ತು ಕೂಗಿದ್ದು ಸೈರನ್ ಅಲ್ಲ ಎಂದು ಹಟ್ಟಿಯಲ್ಲಿ ಮಾತು ಹಬ್ಬಿತು. ಒಂದು ಬೆಳಿಗ್ಗೆ ನೋಡಿದರೆ ನನ್ನ ಕಂಬದ ಮೇಲೆ ಸುಣ್ಣದಲ್ಲಿ 'ನಾಳೆ ಬಾ' ಎಂದು ಬರೆದಿತ್ತು. ಮಳೆ ತೊಳೆದಾಗಲೆಲ್ಲ ಯಾರೋ ಮತ್ತೆ ಬರೆಯುತ್ತಿದ್ದರು. ನನಗೆ ಅಳು ಬರುವಷ್ಟು ಬೇಸರವಾಯಿತು. ಅದಕ್ಕಿಂತ ಹೆಚ್ಚಿನ ಸಂಗತಿಯೆಂದರೆ, ನಾನು ಆ ಮಾತನ್ನು ಪಾಲಿಸುತ್ತಿದ್ದೆ. ಪ್ರತಿದಿನ ಸಂಜೆ ತಪ್ಪದೆ ಬರುತ್ತಿದ್ದೆ.

ಹೊಂಬಾಳಮ್ಮನ ದೊಡ್ಡ ಗಂಟಲು ಅವತ್ತಿಗೇ ನಿಂತಿತು. ಆಮೇಲೆ ಅವಳು ಪಿಸುಮಾತಿನಲ್ಲೇ ಬದುಕಿದಳು. ವೈದ್ಯರು ನೋಡಿ ಗಂಟಲಿಗೆ ಏನೂ ಆಗಿಲ್ಲ ಎಂದರಂತೆ. ಸಂತೆಗೆ ಹೋದಾಗಲೆಲ್ಲ ಅವಳು ಕರೆಂಟು ಮನೆಯ ಕಚೇರಿಗೆ ಹೋಗಿ, ಸುಧೀಂದ್ರರ ಮೇಜಿನ ಮುಂದೆ ನಿಂತು, ಪಿಸುದನಿಯಲ್ಲಿ ಒಂದೇ ಮಾತು ಹೇಳಿ ಬರುತ್ತಿದ್ದಳು: "ಮೂರ್ಸಲ ಕೂಗ್ಸಿ ಸಾ. ಇನ್ನೊಬ್ರು ನಿಂತ್ಕಂಡ್ ಸಾಯೋದು ಬ್ಯಾಡ." ಸುಧೀಂದ್ರ ಕುರ್ಚಿ ತೋರಿಸುತ್ತಿದ್ದರು. ಅವಳು ಕೂರುತ್ತಿರಲಿಲ್ಲ.

ಇತ್ತ ಬಿಳಿಮೀನುಗಳೂ ಕಡಿಮೆಯಾಗುತ್ತ ಬಂದವು. ಒಂದೇ ಕೂಗು ಕೇಳಿ ಅವೂ ಜನರಂತೆಯೇ ನಿಂತು ಕಾಯುತ್ತಿದ್ದವು. ಹಾಗೆ ನಿಂತವನ್ನು ನೀರು ಎತ್ತಿ ಒಯ್ದು ಬಂಡೆಯ ಮೇಲಿನ ಗುಂಡಿಗಳಿಗೆ ಹಾಕುತ್ತಿತ್ತು. ನೀರು ಬಂದ್ ಆದ ಮೇಲೆ ಗುಂಡಿ ಬಿಸಿಲಿಗೆ ಆರುತ್ತಿತ್ತು. ತೆಳುನೀರಿನಲ್ಲಿ ಅವು ಇಟ್ಟ ಮೊಟ್ಟೆಗಳು ಬೆಳಗಾಗುವಷ್ಟರಲ್ಲಿ ಒಣ ನುರುಜಿನ ಮೇಲೆ ಬೆಳ್ಳಗೆ ಕಾಣುತ್ತಿದ್ದವು. ಕೊನೆಗೆ ಕರಿಮಡುವಿನಲ್ಲಿ ದೊಡ್ಡದೊಂದು ಗೂನುಮೀನು ಮಾತ್ರ ಮೇಲೆ ಬಂದು ಹೋಗುವುದು ಕಾಣುತ್ತಿತ್ತು. ಅದು ಮುದ್ದುಮಾದಯ್ಯನೇ ಎಂದು ಹಟ್ಟಿಯ ಹೆಂಗಸರು ಅಂದರೆ ಹೊಂಬಾಳಮ್ಮ ಅವರ ಮೇಲೆ ಎರಡು ಕೈ ಮರಳು ತೂರುತ್ತಿದ್ದಳು. "ಬಾಯ್ ಮುಚ್ಕಳಿ" ಎಂದು ಪಿಸುಗುಡುತ್ತಿದ್ದಳು.

ಆ ಮೀನಿನ ವಂಶ ಉಳಿಸಬೇಕೆಂದು ಸರ್ಕಾರ ಕಳಿಸಿದವರು ಪ್ರಮೀಳಾ ಕೊಪ್ಪದ. ಧಾರವಾಡದ ಕಡೆಯ ಹೆಂಗಸು, ಜೋರು ನಗು, ಜೋರು ಸಿಟ್ಟು. ಕರಿಮಡುವಿನ ಪಕ್ಕದಲ್ಲೇ ಮರಿ ಸಾಕುವ ತೊಟ್ಟಿಗಳನ್ನು ಕಟ್ಟಿಸಿದರು. ಬಂಡೆಯ ಗುಂಡಿಯಲ್ಲಿ ಸಿಕ್ಕಿಬಿದ್ದಿದ್ದ ಒಂದು ಹೆಣ್ಣುಮೀನಿನ ಮೊಟ್ಟೆಗೆ ಗೂನುಮೀನಿನ ವೀರ್ಯ ಬೆರೆಸಿ, ಗೂನುಮೀನನ್ನು ಜೋಪಾನವಾಗಿ ಮಡುವಿಗೆ ಬಿಟ್ಟು, ಮರಿ ಮಾಡಿದರು. ತೊಟ್ಟಿ ತೊಳೆಯಲು, ಮೇವು ಹಾಕಲು ಹೊಂಬಾಳಮ್ಮ ಸೇರಿಕೊಂಡಳು. ಮೇವಿನ ಹೊತ್ತಿಗೆ ಅವಳು ತೊಟ್ಟಿಯ ಮೇಲೆ ಬಗ್ಗಿ "ಬರ್ರೋ, ಬರ್ರೋ" ಎಂದು ಪಿಸುಗುಟ್ಟುತ್ತಿದ್ದಳು.

ಮೊದಲ ಮರಿಗಳನ್ನು ಹೊಳೆಗೆ ಬಿಟ್ಟ ದಿನ ಪ್ರಮೀಳಾ ಎಲ್ಲರಿಗೂ ಪೇಡೆ ಹಂಚಿದರು. ಸಂಜೆ ನಾನು ಕೂಗಿದೆ, ನೀರು ಬಂತು, ಹೋಯಿತು. ಬೆಳಗಿನ ಬಿಸಿಲಿಗೆ ಬಂಡೆಗಳೆಲ್ಲ ಮಿಣಮಿಣ ಹೊಳೆಯುತ್ತಿದ್ದವು. ಹೊಳೆಯುತ್ತಿದ್ದದ್ದು ಮರಿಗಳು. ಪ್ರಮೀಳಾ ಬಂಡೆಯಿಂದ ಬಂಡೆಗೆ ಹೋಗಿ ಒಂದೊಂದನ್ನೇ ಹೆಕ್ಕಿ ಸೆರಗಿಗೆ ಹಾಕಿಕೊಂಡರು. ಆಮೇಲೆ ನನ್ನ ಕಂಬದ ಬುಡದಲ್ಲಿ ಕೂತು ಗೊಳೋ ಎಂದು ಅತ್ತರು.

"ಹಳೇ ಮೀನು ಇಷ್ಟ್ ವರ್ಷ ಈ ನೀರಾಗ ಹೆಂಗ್ ಬದುಕಿದ್ವು ಹೊಂಬಾಳಕ್ಕಾ?" ಎಂದು ಕೇಳಿದರು.

"ಆಗ ಇದು ಮೂರ್ಸಲ ಕೂಗ್ತಿತ್ತು ಕಣವ್ವ" ಎಂದಳು ಹೊಂಬಾಳಮ್ಮ, ನನ್ನ ಕಡೆ ನೋಡದೆ.

ಅವಳು ಎಲ್ಲವನ್ನೂ ಹೇಳಿದಳು. ಪ್ರಮೀಳಾ ಕಣ್ಣೊರೆಸಿಕೊಳ್ಳುವುದನ್ನೂ ಮರೆತು ಕೇಳಿದರು. ಆ ವಾರವೇ ಸುಧೀಂದ್ರರನ್ನು ಹೊಳೆಗೆ ಕರೆಸಿದರು. ಮೂವರೂ ನನ್ನ ನೆರಳಿನಲ್ಲಿ ನಿಂತರು.

"ನನಗ ಮೂರು ಕೂಗು ಬೇಕ್ರಿ. ನೀರು ಒಮ್ಮಿಗೇ ಬಿಡಬ್ಯಾಡ್ರಿ, ಸಾವಕಾಶ ಏರಸ್ರಿ, ಸಾವಕಾಶ ಇಳಸ್ರಿ. ಮೊಟ್ಟಿ ಇಡೂ ತಿಂಗಳದಾಗ ಹಗಲೂ ಒಂದೀಟು ನೀರು ಹರೀಲಿ."

"ಮೇಡಂ, ಸಂಜೆ ಇಡೀ ಜಿಲ್ಲೆ ಸ್ವಿಚ್ ಒತ್ತುತ್ತೆ. ಆಸ್ಪತ್ರೆ, ಹಾಸ್ಟೆಲ್ಲು, ಕುಡಿಯೋ ನೀರಿನ ಪಂಪು. ನಾನು ನಿಧಾನ ಮಾಡಿದ್ರೆ ಎಲ್ಲೋ ಒಂದು ಕಡೆ ಕತ್ತಲೆ ಆಗುತ್ತೆ. ಹಗಲು ಹರಿಸಿದ ನೀರು ಸಂಜೆಗೆ ಇರಲ್ಲ. ಆ ಕತ್ತಲೆಗೆ ಉತ್ತರ ಹೇಳೋನು ನಾನು."

"ಕತ್ತಲಿ ಆದ್ರ ನಾಳಿ ಬೆಳಕು ಮಾಡಬೌದ್ರಿ. ಈ ಮೀನು ಹೋದ್ರ ಎಲ್ಲಿಂದ ತರೂಣು?"

ಅವರು ಬಹಳ ಹೊತ್ತು ಕಿತ್ತಾಡಿದರು. ಇಬ್ಬರ ಮಾತೂ ನನಗೆ ಸರಿ ಎನಿಸಿತು. ಅದೇ ನನ್ನನ್ನು ಹೆದರಿಸಿತು. ಕೊನೆಗೆ ಸುಧೀಂದ್ರ ತಾವೇ ಮೇಲಿನವರ ಬಳಿ ಹೋಗಿ, ಯಂತ್ರಗಳನ್ನು ಸ್ವಲ್ಪ ಮೊದಲೇ ಶುರುಮಾಡಿ ಒಂದರ ಹಿಂದೆ ಒಂದನ್ನು ತಿರುಗಿಸಿದರೆ ಕೊರತೆ ಕಡಿಮೆಯಾಗುತ್ತದೆಂದು ಒಪ್ಪಿಸಿ, ಪರೀಕ್ಷೆಗೆಂದು ಅಪ್ಪಣೆ ತಂದರು.

ಪರೀಕ್ಷೆಯ ಸಂಜೆ ನನ್ನ ತಂತಿಗಳನ್ನು ಮೊದಲಿನಂತೆ ಜೋಡಿಸಿದರು. ನಾನು ಒಮ್ಮೆ ಕೂಗಿದೆ. ದಂಡೆಯಲ್ಲಿದ್ದವರೆಲ್ಲ ನಿಂತರು. ಎರಡನೆಯ ಸಲ ಕೂಗಿದಾಗ ಒಬ್ಬ ಮುದುಕಿ ಬಾಯಿಗೆ ಸೆರಗು ಒತ್ತಿಕೊಂಡಳು. ಮೂರನೆಯದು ಮುಗಿದಾಗ ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಒಬ್ಬೊಬ್ಬರಾಗಿ, ಅಂಜುತ್ತ, "ಓ..." ಎಂದರು. ಹೊಂಬಾಳಮ್ಮನ ತುಟಿ ಅಲುಗಿತು, ದನಿ ಹೊರಡಲಿಲ್ಲ. ನೀರು ಮೆಲ್ಲಗೆ, ಬಂಡೆಗಳ ಸುತ್ತ ಬಳಸಿಕೊಂಡು ಬಂತು. ಮಡುವಿನ ಗೂನುಮೀನು ಅಂಚಿನ ಬಂಡೆಯ ಮರೆಗೆ ಸರಿದು ನಿಂತದ್ದನ್ನು ಪ್ರಮೀಳಾ ಕಣ್ಣಾರೆ ಕಂಡರು.

ಅಳಿವಿನಂಚಿನ ಮೀನಿನ ರಕ್ಷಣೆಗಾಗಿ ಸೈರನ್ನನ್ನು ಮೂರು ಬಾರಿ ಕೂಗಿಸತಕ್ಕದ್ದು ಎಂದು ಕೊನೆಗೆ ಆದೇಶವೇ ಬಂತು. ಹಗಲು ಹರಿಯುವ ಸಣ್ಣ ನೀರಿಗೆ ಹಟ್ಟಿಯವರು 'ಮೀನಿನ ನೀರು' ಎಂದು ಹೆಸರಿಟ್ಟರು. ಸುಧೀಂದ್ರ ಆದೇಶದ ಸುದ್ದಿ ಹೇಳಲು ನಗುನಗುತ್ತ ಬಂದರು. ಹೊಂಬಾಳಮ್ಮ ತೊಟ್ಟಿ ಉಜ್ಜುವುದನ್ನು ನಿಲ್ಲಿಸಿ ಅವರ ಮುಖವನ್ನೇ ನೋಡಿದಳು.

"ನಮ್ಮನೇವ್ರು ಮೀನಾಗಿದ್ರೆ ಅವತ್ತೇ ಮೂರ್ಸಲ ಕೂಗುಸ್ತಿದ್ರಾ ಸಾ?"

ಸುಧೀಂದ್ರರ ನಗು ಇಂಗಿಹೋಯಿತು. ಆದೇಶದ ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡರು.

ನನಗೆ ಆಗಲೇ ವಯಸ್ಸಾಗಿತ್ತು. ಅಣೆಯ ಹತ್ತಿರ ಹೊಸ ಯಂತ್ರವೊಂದನ್ನು ಕೂರಿಸಿದರು. ಅದಕ್ಕೆ ಚಕ್ರವಿಲ್ಲ, ಮೋಟಾರಿಲ್ಲ. ಮೀನು ಗುರುತು ಹಿಡಿಯಲೆಂದು ನನ್ನ ದನಿಯನ್ನೇ ಅದರಲ್ಲಿ ತುಂಬಿದ್ದಾರೆ. ನಾನು ಬಾಯಿ ಮುಚ್ಚಿ ಕೂತಿರುವಾಗ ಹೊಳೆಯ ಮೇಲುಗಡೆಯಿಂದ ನಾನೇ ಕೂಗುವುದು ಕೇಳಿಸುತ್ತದೆ. ಮೊದಮೊದಲು ನಾನು ಬದುಕಿದ್ದೇನೋ ಇಲ್ಲವೋ ಎಂದು ಅನುಮಾನವಾಗುತ್ತಿತ್ತು. ಈಗಲೂ ಒಮ್ಮೊಮ್ಮೆ ಆಗುತ್ತದೆ.

ಪ್ರಮೀಳಾ ನನ್ನನ್ನು ಗುಜರಿಗೆ ಬಿಡಲಿಲ್ಲ. ಕಂಬದಿಂದ ಇಳಿಸಿ ತೊಟ್ಟಿಯ ಪಕ್ಕದ ಕಟ್ಟೆಯ ಮೇಲೆ ಕೂರಿಸಿದರು. ತೊಟ್ಟಿಯ ಮರಿಗಳಿಗೆ ಕೂಗಿನ ಪಾಠ ಹೇಳುವುದು ನನ್ನ ಹೊಸ ಕೆಲಸ. ಕಿಂಡಿಗಳಿಗೆ ಬಟ್ಟೆ ತುರುಕಿ ದನಿ ತಗ್ಗಿಸಿದರು. ಒಂದನೆಯ ಕೂಗಿಗೆ ನಿಲ್ಲಬೇಕು. ಎರಡನೆಯದಕ್ಕೂ ಕದಲಬಾರದು. ಮೂರನೆಯದಕ್ಕೆ ಕಲ್ಲಿನ ಮರೆಗೆ, ತೂಬಿನ ಕಡೆಗೆ ಹೋಗಬೇಕು. ಆಮೇಲೆಯೇ ಹೊಸ ನೀರು, ಮೇವು. ಸ್ವಿಚ್ಚು ಹೊಂಬಾಳಮ್ಮನ ಕೈಯಲ್ಲಿ. ನನ್ನನ್ನು ಮುಟ್ಟಲು ಅವಳು ಬಹಳ ದಿನ ಒಪ್ಪಿರಲಿಲ್ಲ. ಮರಿಗಳು ಮಾತ್ರ ಪಾಠವನ್ನು ಚೆನ್ನಾಗಿ ಕಲಿತವು. ಎಷ್ಟು ಚೆನ್ನಾಗಿ ಎಂಬುದು ಆಮೇಲೆ ತಿಳಿಯಿತು.

ಈಗ ನಾನು ಮೇವಿನ ಮೂಟೆಗಳ ಹಿಂದೆ ಮೂಲೆ ಸೇರಿದ್ದೇನೆ. ಸೇರಿದ ದಿನದ ಮಾತನ್ನು ಹೇಳಿಬಿಡುತ್ತೇನೆ.

ಅವತ್ತು ಮರಿಗಳನ್ನು ಹೊಳೆಗೆ ಬಿಡಬೇಕಿತ್ತು. ತೊಟ್ಟಿಯಿಂದ ಕರಿಮಡುವಿಗೆ ಒಂದು ಕಾಲುವೆ ಕಡಿದಿದ್ದರು. ತೊಟ್ಟಿಯ ನೀರನ್ನು ಇಳಿಸುತ್ತ ಬಂದರು. ಪ್ರಮೀಳಾ ತೂಬಿನ ಹಲಗೆ ಎತ್ತಿ ಹಿಡಿದರು. ಹೊಂಬಾಳಮ್ಮ ಸ್ವಿಚ್ಚು ಒತ್ತಿದಳು. ನಾನು ಒಮ್ಮೆ ಕೂಗಿದೆ. ಎರಡನೆಯ ಸಲ ಕೂಗಿದೆ. ಇಳಿಯುವಾಗ ನನ್ನ ಹೊಟ್ಟೆಯಲ್ಲಿ ಏನೋ ಸುಟ್ಟ ವಾಸನೆ ಬಂತು. ಅವಳು ಮತ್ತೆ ಒತ್ತಿದಳು. ಚಕ್ರ ಅಲುಗಲಿಲ್ಲ.

ಮರಿಗಳೆಲ್ಲ ತೂಬಿನ ಬಾಯಲ್ಲಿ ನನ್ನ ಕಡೆ ಮುಖ ಮಾಡಿ ನಿಂತವು. ಒಂದೂ ಕದಲಲಿಲ್ಲ. ನೀರು ಇಳಿಯುತ್ತಿತ್ತು. ಬೆನ್ನುಗಳು ನೀರಿನಿಂದ ಮೇಲೆ ಬಂದವು, ಬಾಯಿಗಳು ತೆರೆದು ಮುಚ್ಚತೊಡಗಿದವು. ಎದುರಿಗೇ ಕಾಲುವೆ, ಕಾಲುವೆ ದಾಟಿದರೆ ಹೊಳೆ. ಪ್ರಮೀಳಾ ಪೊರಕೆಯಿಂದ ನೂಕಿದರೆ ಅವು ಸುತ್ತಿ ಬಂದು ಮತ್ತೆ ಅಲ್ಲೇ ನಿಂತವು.

"ಹೋಗ್ರಲೇ! ಅಯ್ಯೋ, ಇವು ನಿಂತಲ್ಲೇ ಸಾಯ್ತಾವ ಹೊಂಬಾಳಕ್ಕಾ!"

ಎರಡಕ್ಕೆ ಹೊರಡಬಾರದೆಂದು ನಾವೇ ಕಲಿಸಿದ್ದೆವು. ಮೂರನೆಯದು ನನ್ನ ಗಂಟಲಲ್ಲಿ ಸುಟ್ಟುಹೋಗಿತ್ತು.

ಹೊಂಬಾಳಮ್ಮ ಸ್ವಿಚ್ಚು ಬಿಟ್ಟಳು. ಕಟ್ಟೆಯಂಚಿಗೆ ಬಂದು ನಿಂತಳು. ಅವಳ ಕತ್ತಿನ ನರಗಳು ಎದ್ದವು. ಮರಿಗಳನ್ನು ಕರೆಯುವ "ಬರ್ರೋ" ಬರುತ್ತದೆಂದು ನಾನು ಕಾದೆ. ಅಷ್ಟು ವರ್ಷ ಒಳಗೇ ಇದ್ದದ್ದು ಹೊರಗೆ ಬಂತು. ದಂಡೆಯಿಂದ ದಂಡೆಗೆ ಮುಟ್ಟುವ ಹಳೆಯ ಗಂಟಲಿನಲ್ಲಿ ಅವಳು ಕೂಗಿದಳು:

"ಬನ್ನೀ..."

ಅವತ್ತು ಅವಳ ಕೂಗು ಎರಡನೆಯದಾಗಿತ್ತು. ಇವತ್ತು ಮೂರನೆಯದು.

ಮರಿಗಳು ಹೊರಟವು. ತೂಬು ದಾಟಿ, ಕಾಲುವೆ ತುಂಬ ಹರಿದು, ಕರಿಮಡುವಿನ ಅಂಚಿನ ಕಲ್ಲುಗಳ ಮರೆಗೆ ಸೇರಿದವು. ತೊಟ್ಟಿಯಲ್ಲಿ ಒಂದೂ ಉಳಿಯಲಿಲ್ಲ. ಪ್ರಮೀಳಾ ಕೆಸರಿನಲ್ಲೇ ಕೂತು ನಗುತ್ತಿದ್ದರು, ಅಳುತ್ತಿದ್ದರು.

ಆಗ ಮಡುವಿನ ನಡುವೆ ನೀರು ಸುತ್ತಿತು. ಗೂನುಮೀನು ಮೇಲೆ ಬಂತು. ತಲೆ ಎತ್ತಿ, ಅಷ್ಟು ದೊಡ್ಡ ಮೈಯನ್ನು ನೀರಿನಲ್ಲಿ ನೆಟ್ಟಗೆ ನಿಲ್ಲಿಸಿ ನೋಡಿತು. ಅದು ಬಲ್ಲದ್ದು ನನ್ನ ದನಿಯನ್ನು ಮಾತ್ರ. ಹೊಂಬಾಳಮ್ಮನ ಕೂಗನ್ನು ಅದಕ್ಕೆ ಯಾರೂ ಕಲಿಸಿರಲಿಲ್ಲ. ಆದರೂ ಅದು ನನ್ನ ಕಡೆ ನೋಡಲಿಲ್ಲ, ಅವಳನ್ನೇ ನೋಡುತ್ತಿತ್ತು.

ಹೊಂಬಾಳಮ್ಮ ಮೊಣಕಾಲ ಮಟ್ಟದ ನೀರಿಗಿಳಿದಳು. ಸೆರಗನ್ನು ಹೊದ್ದು ಸರಿಮಾಡಿಕೊಂಡಳು. ಮೀನಿಗೆ ಯಾರೂ ಆಡದ ಮರ್ಯಾದೆಯ ಮಾತಿನಲ್ಲಿ, ಮೆಲ್ಲಗೆ ಕೇಳಿದಳು:

"ಬಂದ್ರಾ?"